ಉಳ್ಳಾಲಕ್ಕೆ ಎಷ್ಟು ದೂರ?

ಮಂಗಳೂರಿನಿಂದ ಉಳ್ಳಾಲಕ್ಕೆ ಎಷ್ಟು ದೂರ ಅಂತ ಆ ಕಡೆಯವರನ್ನು ಕೇಳಿ ನೋಡಿ. ಯಾರೂ ಕಿಲೋಮೀಟರ್ ಲೆಕ್ಕದಲ್ಲಿ ಹೇಳೋದಿಲ್ಲ. "ಪಂಪ್‌ವೆಲ್‌ನಲ್ಲಿ ಬ್ಲಾಕ್ ಇಲ್ಲದಿದ್ದರೆ ಅರ್ಧ ಗಂಟೆ" ಅಂತಾರೆ. ಬ್ಲಾಕ್ ಇದ್ದರೆ? ಅದಕ್ಕೆ ಉತ್ತರ ಇಲ್ಲ, ನಗು ಇದೆ ಅಷ್ಟೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟಿಗೆ ಹತ್ತು ಕಿಲೋಮೀಟರ್ ಆಸುಪಾಸು. ಬೆಂಗಳೂರಿನವರಿಗೆ ಇದು ದೂರವೇ ಅಲ್ಲ, ಗೊತ್ತು. ಆದರೆ ಬೆಂಗಳೂರಿನಲ್ಲಿ ಒಂದು ರಸ್ತೆ ಕಟ್ಟಿಕೊಂಡರೆ ಇನ್ನೊಂದು ಗಲ್ಲಿಯಲ್ಲಿ ನುಗ್ಗಬಹುದು. ಇಲ್ಲಿ ಗಲ್ಲಿ ಇಲ್ಲ. ಇಲ್ಲಿರುವುದು ನದಿ.

ಇವತ್ತು ಆ ನದಿ ದಾಟುವವರ ಬಗ್ಗೆ ಮಾತಾಡೋಣ. ನೇತ್ರಾವತಿ ಸೇತುವೆಯ ಹೆಸರು ಇಡೀ ರಾಜ್ಯಕ್ಕೆ ಗೊತ್ತಾಗಿದ್ದು 2019ರ ಜುಲೈ ಕೊನೆಯ ಆ ಎರಡು ಮೂರು ದಿನಗಳಲ್ಲಿ. ಯಾಕೆ ಅಂತ ನಿಮಗೆ ನೆನಪಿದೆ, ಮತ್ತೆ ಹೇಳಬೇಕಾಗಿಲ್ಲ. ಆದರೆ ಸೇತುವೆ ಅದಕ್ಕೂ ಮೊದಲು ಅಲ್ಲೇ ಇತ್ತು, ಆಮೇಲೂ ಅಲ್ಲೇ ಇದೆ. ದಿನಾ ಬೆಳಿಗ್ಗೆ ಟಿಫಿನ್ ಬಾಕ್ಸ್ ಹಿಡಿದುಕೊಂಡು ಅದನ್ನು ದಾಟುವ ಸಾವಿರಾರು ಜನಕ್ಕೆ ಅದು ಸುದ್ದಿ ಅಲ್ಲ. ಅವರಿಗೆ ಅದು ಮನೆಯ ಹೊಸ್ತಿಲು.

ಮೊದಲು ಭೂಪಟ. ಉಳ್ಳಾಲದ ಪಡುವಲಿಗೆ ಅರಬ್ಬಿ ಸಮುದ್ರ. ಬಡಗಲಿಗೆ ನೇತ್ರಾವತಿ. ತೆಂಕಲಿಗೆ ತಲಪಾಡಿ, ಅದರಾಚೆ ಕೇರಳ. ಮೂಡಲಿಗೆ ಮುರಕಲ್ಲಿನ ಗುಡ್ಡಗಳು: ದೇರಳಕಟ್ಟೆ, ಕೊಣಾಜೆ, ಮುಡಿಪು. ಅಂದ್ರೆ ಒಂದು ಕಡೆ ಸಮುದ್ರ, ಒಂದು ಕಡೆ ನದಿ, ಇನ್ನೊಂದು ಕಡೆ ರಾಜ್ಯದ ಗಡಿ. ಈ ಊರನ್ನು ಹೊರಗಿನಿಂದ ಬಂದವನು ಗೆಲ್ಲೋದು ಕಷ್ಟ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಎದುರು ರಾಣಿ ಅಬ್ಬಕ್ಕ ನಿಂತಿದ್ದು ಇದೇ ನೆಲದಲ್ಲಿ. ಅಂದು ಯಾವ ನೀರು ಕಾವಲಾಗಿತ್ತೋ ಇಂದು ಅದೇ ನೀರು, ಒಳಗಿನವನು ಬೆಳಿಗ್ಗೆ ಒಂಬತ್ತಕ್ಕೆ ಆಫೀಸು ಮುಟ್ಟೋದನ್ನು ಕಷ್ಟ ಮಾಡಿದೆ.

ಕೋಟೆಪುರಕ್ಕೆ ಹೋಗಿ ನಿಲ್ಲಿ. ಹೆಸರಲ್ಲೇ ಕೋಟೆ ಇದೆ. ನದಿ ಮತ್ತು ಕಡಲಿನ ನಡುವೆ ನಾಲಿಗೆ ಚಾಚಿದ ಹಾಗೆ ಇರುವ ಮರಳಿನ ಪಟ್ಟಿ ಅದು. ಮೀನೆಣ್ಣೆ, ಮೀನು ಹಿಟ್ಟಿನ ಕಾರ್ಖಾನೆಗಳ ವಾಸನೆ ಬರುತ್ತೆ, ಸಹಿಸಿಕೊಳ್ಳಿ. ಎದುರಿಗೆ ನೀರಿನ ಆಚೆ ಕಾಣೋದೇ ಮಂಗಳೂರು. ಬೋಳಾರ, ಹೊಯ್ಗೆ ಬಜಾರ್, ಹಳೇ ಬಂದರು, ಎಲ್ಲಾ ಕಣ್ಣಿಗೆ ಕಾಣುತ್ತೆ. ದೋಣಿಯಲ್ಲಿ ಹೋದರೆ ನಿಮಿಷಗಳ ದಾರಿ. ರಸ್ತೆಯಲ್ಲಿ ಹೋಗಬೇಕಾದರೆ ಮಂಗಳೂರಿಗೆ ಬೆನ್ನು ತಿರುಗಿಸಿ ಹೊರಡಬೇಕು. ಉಳ್ಳಾಲ ಪೇಟೆ, ತೊಕ್ಕೊಟ್ಟು, ಕಲ್ಲಾಪು, ಆಮೇಲೆ ಸೇತುವೆ, ಜೆಪ್ಪಿನಮೊಗರು, ಪಂಪ್‌ವೆಲ್, ಕಂಕನಾಡಿ, ಹಂಪನಕಟ್ಟೆ. ಹತ್ತು ಕಿಲೋಮೀಟರಿಗೂ ಹೆಚ್ಚು ಸುತ್ತಿ, ಎದುರಿಗೆ ಕಂಡಿದ್ದ ಜಾಗಕ್ಕೆ ಬರಬೇಕು. ಕೋಟೆಪುರದಿಂದ ಬೋಳಾರಕ್ಕೆ ಸೇತುವೆ ಕಟ್ಟುತ್ತೇವೆ ಅನ್ನೋ ಮಾತು ಬಹಳ ವರ್ಷಗಳಿಂದ ಇದೆ. ಆ ಮಾತಿಗೆ ಎಷ್ಟು ಸಲ ಸ್ವಾಗತ ಸಿಕ್ಕಿದೆ ಅಂತ ಅಲ್ಲಿನ ಮೀನುಗಾರರನ್ನೇ ಕೇಳಬೇಕು.

ಇನ್ನು ಜನಸಂಖ್ಯೆ. 2001ರ ಜನಗಣತಿಯಲ್ಲಿ ಉಳ್ಳಾಲ ಪಟ್ಟಣದ ಜನ 49,862. 2011ರಲ್ಲಿ 53,773. ಹತ್ತು ವರ್ಷದಲ್ಲಿ ಹೆಚ್ಚಿದ್ದು ನಾಲ್ಕು ಸಾವಿರಕ್ಕೂ ಸ್ವಲ್ಪ ಕಡಿಮೆ. ಈ ಅಂಕಿ ನೋಡಿದ ಅಧಿಕಾರಿ ಏನಂತಾನೆ? "ಬೆಳವಣಿಗೆ ನಿಧಾನವಾಗಿದೆ, ಆತುರವಿಲ್ಲ" ಅಂತಾನೆ. ತಪ್ಪಾಗೋದು ಇಲ್ಲೇ. ಈ ಲೆಕ್ಕ ಪಟ್ಟಣದ ಗಡಿಯೊಳಗಿನದು ಮಾತ್ರ. ಊರು ಬೆಳೆದಿದ್ದು ಗಡಿಯ ಹೊರಗೆ, ಸೋಮೇಶ್ವರದ ಕಡೆಗೆ, ಕೋಟೆಕಾರಿನ ಕಡೆಗೆ, ದೇರಳಕಟ್ಟೆಯ ಗುಡ್ಡದ ಮೇಲೆ. ತೊಕ್ಕೊಟ್ಟಿನಲ್ಲಿ ನಿಂತವನಿಗೆ ಎಲ್ಲಿ ಉಳ್ಳಾಲ ಮುಗಿಯಿತು, ಎಲ್ಲಿ ಸೋಮೇಶ್ವರ ಶುರುವಾಯಿತು ಅಂತ ಹೇಳೋಕಾಗೋದಿಲ್ಲ. ಕಾಗದದಲ್ಲಿ ಮಾತ್ರ ಇವು ಬೇರೆ ಬೇರೆ ಸ್ಥಳೀಯ ಸಂಸ್ಥೆಗಳು.

ಕಾಗದದ ತಮಾಷೆ ಇನ್ನೊಂದಿದೆ. ವಿಧಾನಸಭೆಯಲ್ಲಿ "ಉಳ್ಳಾಲ" ಅನ್ನೋ ಕ್ಷೇತ್ರ ಈಗ ಇಲ್ಲ. 2008ರ ಚುನಾವಣೆಯ ಹೊತ್ತಿಗೆ ಆದ ಪುನರ್ವಿಂಗಡಣೆಯಲ್ಲಿ ಅದರ ಹೆಸರು "ಮಂಗಳೂರು" ಅಂತಾಯಿತು. ಮಂಗಳೂರು ನಗರಕ್ಕೆ "ದಕ್ಷಿಣ", "ಉತ್ತರ" ಅಂತ ಬೇರೆ ಕ್ಷೇತ್ರಗಳಿವೆ. ಹಾಗಾಗಿ ಮಂಗಳೂರು ಕ್ಷೇತ್ರದ ಮತದಾರ ಮಂಗಳೂರಿಗೆ ಹೋಗಬೇಕಾದರೆ ನದಿ ದಾಟಬೇಕು.

ನಾನು ಇಂಜಿನಿಯರಿಂಗ್ ಓದಿದವನು. ಓದಿದ್ದಕ್ಕೂ ಈಗ ಮಾಡುತ್ತಿರುವ ಕೆಲಸಕ್ಕೂ ಏನು ಸಂಬಂಧ ಅಂತ ಮನೆಯಲ್ಲಿ ಇನ್ನೂ ಕೇಳ್ತಾರೆ. ಒಂದು ಸಂಬಂಧ ಇದೆ. ಯಾವುದೇ ವ್ಯವಸ್ಥೆ ನೋಡಿದರೂ, ಇದರಲ್ಲಿ ಯಾವ ಒಂದು ಭಾಗ ಕೆಟ್ಟರೆ ಇಡೀ ವ್ಯವಸ್ಥೆ ನಿಲ್ಲುತ್ತೆ ಅಂತ ಹುಡುಕೋದು ಅಭ್ಯಾಸವಾಗಿಬಿಟ್ಟಿದೆ. ವಿಮಾನಕ್ಕೆ ಎರಡು ಎಂಜಿನ್ ಇಡೋದು, ಆಸ್ಪತ್ರೆಗೆ ಜನರೇಟರ್ ಇಡೋದು, ನಮ್ಮ ಸ್ಟುಡಿಯೋಗೆ ಎರಡು ಲೈನ್ ಎಳೆಯೋದು, ಎಲ್ಲ ಇದೇ ಕಾರಣಕ್ಕೆ. ಉಳ್ಳಾಲದ ವ್ಯವಸ್ಥೆಯಲ್ಲಿ ಆ ಒಂದು ಭಾಗ ಹುಡುಕೋಕೆ ಇಂಜಿನಿಯರ್ ಬೇಡ. ಮಕ್ಕಳೂ ತೋರಿಸ್ತಾರೆ. ರಾಷ್ಟ್ರೀಯ ಹೆದ್ದಾರಿ 66, ಹಿಂದೆ ನಾವು 17 ಅಂತಿದ್ದದ್ದು, ಅದರ ಮೇಲೆ ಅಕ್ಕಪಕ್ಕ ಎರಡು ಸೇತುವೆ, ಒಂದು ಹೋಗೋಕೆ ಒಂದು ಬರೋಕೆ. ಅದರ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಆ ಹೊತ್ತಿಗೆ ಊರೇ ನಿಂತ ಹಾಗೆ.

ಹೆದ್ದಾರಿ ಅಂದೆ. ಅದನ್ನೂ ಗಮನಿಸಿ. ಇದು ಉಳ್ಳಾಲದ ರಸ್ತೆ ಅಲ್ಲ. ಮುಂಬೈ ಕಡೆಯಿಂದ ಕನ್ಯಾಕುಮಾರಿ ಕಡೆಗೆ ಕರಾವಳಿ ಉದ್ದಕ್ಕೂ ಹೋಗುವ ಹೆದ್ದಾರಿ. ಗ್ಯಾಸ್ ಟ್ಯಾಂಕರ್, ಮೀನಿನ ಲಾರಿ, ಕೇರಳದ ಬಸ್ಸು, ಆಂಬುಲೆನ್ಸ್, ಆಟೋ, ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೊರಟ ತಾಯಿ, ಎಲ್ಲರಿಗೂ ಅದೇ ರಸ್ತೆ. ಪಂಪ್‌ವೆಲ್‌ಗೆ ಬಂದರೆ ಬೆಂಗಳೂರಿನಿಂದ ಬರುವ ಹೆದ್ದಾರಿಯೂ ಅಲ್ಲೇ ಬಂದು ಸೇರುತ್ತೆ. ಅಲ್ಲಿನ ಮೇಲ್ಸೇತುವೆಯ ಕಥೆ ಮಂಗಳೂರಿನವರಿಗೆ ಹೇಳೋ ಅಗತ್ಯವಿಲ್ಲ. ಸುಮಾರು ಹತ್ತು ವರ್ಷ ಕಟ್ಟಿದರು. 2020ರ ಜನವರಿ 31ಕ್ಕೆ ತೆರೆಯಿತು. ಅಷ್ಟರೊಳಗೆ ಅದರ ಬಗ್ಗೆ ಹುಟ್ಟಿದ ಜೋಕುಗಳನ್ನು ಸೇರಿಸಿದರೆ ಈ ಪುಸ್ತಕಕ್ಕಿಂತ ದಪ್ಪ ಪುಸ್ತಕ ಆಗುತ್ತೆ. ತೊಕ್ಕೊಟ್ಟಿನ ಮೇಲ್ಸೇತುವೆ ಅದಕ್ಕಿಂತ ಸ್ವಲ್ಪ ಮೊದಲು, 2019ರಲ್ಲಿ ಆಯಿತು. ಎರಡೂ ಆದ ಮೇಲೆ ಹೆದ್ದಾರಿಯಲ್ಲಿ ನೇರ ಹೋಗುವವರಿಗೆ ಅನುಕೂಲವಾಯಿತು, ಇಲ್ಲ ಅನ್ನೋದಿಲ್ಲ. ಆದರೆ ಉಳ್ಳಾಲದವನು ನೇರ ಹೋಗುವವನಲ್ಲ. ಅವನು ತಿರುಗಬೇಕು, ಇಳಿಯಬೇಕು, ಬಸ್ಸಿಗೆ ಕೈ ತೋರಿಸಬೇಕು. ಮೇಲ್ಸೇತುವೆಯ ಕೆಳಗೆ ನಿಂತಿರುವವನು ಅವನೇ.

ಸಾಮಾನ್ಯವಾಗಿ ಇಂಥ ಊರುಗಳ ಬಗ್ಗೆ ಹೇಳುವಾಗ ಬೆಳಿಗ್ಗೆ ಎಲ್ಲರೂ ನಗರಕ್ಕೆ ಹೋಗ್ತಾರೆ, ಸಂಜೆ ಮಲಗೋಕೆ ಬರ್ತಾರೆ ಅಂತೀವಿ. ಉಳ್ಳಾಲದ ಕಡೆ ಅಷ್ಟು ಸರಳ ಇಲ್ಲ. ಇಲ್ಲಿ ಭರತವೂ ಇಳಿತವೂ ಒಟ್ಟಿಗೇ ನಡೀತದೆ. ಬಟ್ಟೆ ಅಂಗಡಿ, ಬಂದರು, ಬ್ಯಾಂಕು, ಹೋಟೆಲು ಅಂತ ಉಳ್ಳಾಲದಿಂದ ಮಂಗಳೂರಿಗೆ ಹೋಗುವವರು ಒಂದು ಕಡೆ. ಅದೇ ಹೊತ್ತಿಗೆ ಮಂಗಳೂರಿನಿಂದ ಈ ಕಡೆಗೆ ಬರುವವರು ಇನ್ನೊಂದು ಕಡೆ. ಯಾಕಂದ್ರೆ ಕೊಣಾಜೆಯಲ್ಲಿ 1980ರಿಂದ ಮಂಗಳೂರು ವಿಶ್ವವಿದ್ಯಾನಿಲಯ ಇದೆ. ಮುಡಿಪುವಿನಲ್ಲಿ ಇನ್ಫೋಸಿಸ್ ಇದೆ. ದೇರಳಕಟ್ಟೆ, ನಾಟೆಕಲ್ ಸುತ್ತಮುತ್ತ ಮೂರು ಮೆಡಿಕಲ್ ಕಾಲೇಜುಗಳಿವೆ. ನರ್ಸುಗಳು, ವಿದ್ಯಾರ್ಥಿಗಳು, ಲ್ಯಾಬಿನವರು, ರೋಗಿಗಳು, ರೋಗಿಯನ್ನು ನೋಡೋಕೆ ಬಂದವರು. ಈ ಬಸ್ಸುಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಐದೂ ಕೇಳಿಸುತ್ತೆ. ಕಂಡಕ್ಟರ್ ಐದರಲ್ಲೂ ಚಿಲ್ಲರೆ ಕೇಳ್ತಾನೆ.

ಚಿಲ್ಲರೆ ಅಂದಾಗ ನೆನಪಾಯಿತು. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ ಹೆಣ್ಣುಮಕ್ಕಳ ತಿಂಗಳ ಖರ್ಚಿನಲ್ಲಿ ಅದರಿಂದ ಆದ ವ್ಯತ್ಯಾಸ ನಾವು ನೋಡಿದ್ದೇವೆ, ತೋರಿಸಿದ್ದೇವೆ. ಆದರೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿ. ಹಿಂದಿನಿಂದಲೂ ಹಾಗೇ. ಒಳ್ಳೆಯ ಬಸ್ಸುಗಳೇ, ಬೇಗ ಓಡಿಸ್ತಾರೆ, ಒಂದರ ಹಿಂದೆ ಒಂದು ಬರುತ್ತವೆ. ಆದರೆ ಟಿಕೆಟ್ ಕೊಡಬೇಕು. ಉಳ್ಳಾಲದಿಂದ ಹೋಗಿ ಮಂಗಳೂರಿನ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತುಕೊಂಡೇ ಕೆಲಸ ಮಾಡುವ ಹುಡುಗಿ, ಹೋಗೋಕೂ ಬರೋಕೂ ದುಡ್ಡು ಕೊಟ್ಟೇ ಹೋಗಬೇಕು. ಅದೇ ಸಂಬಳಕ್ಕೆ ಅದೇ ಕೆಲಸ ಮಾಡುವ ಮೈಸೂರಿನ ಹುಡುಗಿಗೆ ಆ ಖರ್ಚು ಉಳಿಯುತ್ತೆ. ಇದು ಯೋಜನೆಯನ್ನು ಬೈಯೋ ಮಾತಲ್ಲ. ಯೋಜನೆ ಬರೆದವರ ಕಣ್ಣ ಮುಂದೆ ಇದ್ದ ಊರು ಯಾವುದು, ಇಲ್ಲದ ಊರು ಯಾವುದು ಅನ್ನೋ ಮಾತು.

ಎಣಿಕೆಯ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ಎಲ್ಲದರ ಬೇರು ಅಲ್ಲಿದೆ. ಜನಗಣತಿ ನಿಮ್ಮನ್ನು ಎಣಿಸೋದು ನೀವು ವಾಸ ಮಾಡುವ ಜಾಗದಲ್ಲಿ. ಹಗಲು ನೀವೆಲ್ಲಿದ್ದಿರಿ ಅನ್ನೋದು ಆ 53,773ರಲ್ಲಿ ಕಾಣೋದಿಲ್ಲ. ಹಾಗಂತ ಕೇಳಲೇ ಇಲ್ಲ ಅಂತಲ್ಲ. 2011ರ ಗಣತಿಯಲ್ಲಿ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗ್ತೀರಿ, ನಡೆದೋ ಸೈಕಲ್ಲೋ ಬಸ್ಸೋ ರೈಲೋ ಅಂತ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆದರೆ ಪ್ರಕಟವಾದ ಕೋಷ್ಟಕ ಕೃಷಿ ಮತ್ತು ಮನೆಗೆಲಸದ ಉದ್ದಿಮೆ ಬಿಟ್ಟು ಉಳಿದ ಕೆಲಸಗಾರರದ್ದು. ಕಾಲೇಜಿಗೆ ಹೋಗುವವರು, ಡಯಾಲಿಸಿಸ್‌ಗೆ ಹೋಗುವವರು ಅದರಲ್ಲಿ ಇಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೋನಾದಿಂದ ಮುಂದಕ್ಕೆ ಹೋಯಿತು. ಹಳೆಯ ಅಳತೆಯ ಅಂಗಿ ಹೊಲಿಸಿ ದೊಡ್ಡವನಿಗೆ ತೊಡಿಸಿದ ಹಾಗೆ ನಾವು ರಸ್ತೆ, ಬಸ್ಸು, ರೈಲು ಯೋಜಿಸ್ತಾ ಇದ್ದೀವಿ.

ಲೆಕ್ಕಕ್ಕೆ ಸಿಗದವರು ಇನ್ನೂ ಒಂದು ಗುಂಪು ಇದ್ದಾರೆ. ಗಡಿಯ ಆಚೆಯವರು. ಮಂಗಳೂರಿನಿಂದ ತಲಪಾಡಿ ಇಪ್ಪತ್ತು ಕಿಲೋಮೀಟರ್ ಕೂಡ ಆಗೋದಿಲ್ಲ. ಅಲ್ಲಿಂದ ಮಂಜೇಶ್ವರ, ಕಾಸರಗೋಡು. 1956ರ ನವೆಂಬರ್ 1ರ ತನಕ ಇದೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಗೆರೆ ಎಳೆದದ್ದು ಆಮೇಲೆ. ಗೆರೆ ಬಂದ ಮೇಲೂ ಅಲ್ಲಿನವರ ಆಸ್ಪತ್ರೆ, ಕಾಲೇಜು, ಮದುವೆಯ ಬಟ್ಟೆ ಎಲ್ಲ ಮಂಗಳೂರೇ. ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ಅಲ್ಲಿಂದ ದಿನಾ ಗಡಿ ದಾಟಿ ಬರ್ತಾರೆ.

2020ರ ಮಾರ್ಚ್ ಕೊನೆಯಲ್ಲಿ ಏನಾಯಿತು ನೆನಪಿದೆಯಾ? ಲಾಕ್‌ಡೌನ್. ಕಾಸರಗೋಡಿನಲ್ಲಿ ಕೊರೋನಾ ಜಾಸ್ತಿ ಅಂತ ಕರ್ನಾಟಕ ಗಡಿ ಮುಚ್ಚಿತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಮಂಗಳೂರಿಗೆ ಬರೋಕಾಗದೆ ಚಿಕಿತ್ಸೆ ಸಿಗದೆ ಜನ ತೀರಿಕೊಂಡರು ಅಂತ ಕೇರಳ ಸರ್ಕಾರ ಹೇಳಿತು. ಕೇರಳ ಹೈಕೋರ್ಟ್ ತಡೆ ತೆರವು ಮಾಡಿಸಿ ಅಂತ ಆದೇಶ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಎರಡೂ ರಾಜ್ಯ ಒಪ್ಪಿವೆ ಅಂತ ಏಪ್ರಿಲ್ 7ರಂದು ಕೇಂದ್ರ ಸರ್ಕಾರ ಹೇಳಿದ ಮೇಲೆ ಕೇಸು ಮುಗಿಯಿತು. ಸೋಂಕಿನ ಭಯ ನಿಜ, ಆಗ ನಾವೆಲ್ಲ ಹೆದರಿದ್ದೆವು. ಆದರೂ ನನ್ನ ಅಭಿಪ್ರಾಯ ಹೇಳ್ತೀನಿ: ರೋಗಿಯ ದಾರಿಗೆ ಮಣ್ಣು ಸುರಿಯೋದು ಆಡಳಿತ ಅಲ್ಲ. ಒಂದು ದಾರಿಯನ್ನು ನಂಬಿ ಬದುಕೋದು ಅಂದರೇನು ಅಂತ ಆ ಎರಡು ವಾರ ತೋರಿಸಿತು.

ಈಗ ಒಳ್ಳೆಯ ಸುದ್ದಿಯೂ ಇದೆ. ಉಳ್ಳಾಲ ತಾಲೂಕಿನ ಹರೇಕಳದಿಂದ ಎದುರು ದಡದ ಅಡ್ಯಾರಿಗೆ ಈಚೆಗೆ ಕಿಂಡಿ ಅಣೆಕಟ್ಟು ಬಂತು. ಅದರ ಮೇಲೆ ಸೇತುವೆಯೂ ಇದೆ. ಬೇಸಿಗೆಯಲ್ಲಿ ಉಪ್ಪು ನೀರು ಮೇಲಕ್ಕೆ ಬರದ ಹಾಗೆ ತಡೆಯೋದು, ಸಿಹಿನೀರು ನಿಲ್ಲಿಸೋದು ಅಣೆಕಟ್ಟಿನ ಕೆಲಸ. ಜನಕ್ಕೆ ಬೇಕಾಗಿದ್ದದ್ದು ಮೇಲಿನ ದಾರಿ. ಹರೇಕಳ ಅಂದ ತಕ್ಷಣ ನಿಮಗೆ ಒಬ್ಬರ ಹೆಸರು ಬರುತ್ತೆ, ಹಾಜಬ್ಬ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರಿ, ಆ ದುಡ್ಡಿನಿಂದ ತಮ್ಮೂರಿನ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನಾವೆಲ್ಲ ಅವರ ಶಾಲೆಯ ಕಥೆ ಹೇಳಿದೆವು, ಹೇಳಬೇಕಾದ್ದೇ. ಆದರೆ ಇನ್ನೊಂದು ರೀತಿಯಲ್ಲೂ ನೋಡಿ. ನದಿಯ ಈ ದಡದಲ್ಲಿ ಮನೆ, ಆ ದಡದ ಪೇಟೆಯಲ್ಲಿ ಹೊಟ್ಟೆಪಾಡು. ಹಣ್ಣಿನ ಬುಟ್ಟಿ ಹೊತ್ತು ವರ್ಷಗಟ್ಟಲೆ ಮಂಗಳೂರಿನ ಬಸ್ ನಿಲ್ದಾಣ ಮುಟ್ಟಿದವರು. ಈ ತಾಲೂಕಿನ ಬದುಕಿನ ಕ್ರಮವೇ ಅದು.

ಕಡಲಿನ ಬಗ್ಗೆ ಒಂದೇ ಮಾತು, ಅದು ಬೇರೆಯೇ ಒಂದು ಸಂಚಿಕೆ ಬೇಡುವ ವಿಷಯ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ದಂಡೆಯನ್ನು ಪ್ರತಿ ಮಳೆಗಾಲ ಸಮುದ್ರ ತಿನ್ನುತ್ತೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದಲ್ಲಿ ನೀರಿನೊಳಗೆ ಕೃತಕ ದಿಬ್ಬ, ದಂಡೆಯಲ್ಲಿ ಕಲ್ಲಿನ ತಡೆ ಎಲ್ಲ ಹಾಕಿದರು. ಒಂದು ಕಡೆ ತಡೆದ ಮರಳು ಇನ್ನೊಂದು ಕಡೆಗೆ ಹೋಗೋದಿಲ್ಲ, ಹಾಗಾಗಿ ಪಕ್ಕದ ದಂಡೆ ಸವೆಯುತ್ತೆ. ನಮಗೆ ಇವತ್ತು ಬೇಕಾದ್ದು ಇಷ್ಟೇ: ದಂಡೆಯಲ್ಲಿ ಮನೆ ಕಳೆದುಕೊಂಡವರು ಒಳನಾಡಿಗೆ ಬರ್ತಾರೆ. ಒಳನಾಡು ಅಂದ್ರೆ ಹೆದ್ದಾರಿಯ ಪಕ್ಕ. ಅವರೂ ಅದೇ ಸೇತುವೆಯ ಸಾಲಿಗೆ ಸೇರ್ತಾರೆ.

ಈಗ ನಾನು ಹೇಳಬೇಕೆಂದು ಬಂದಿದ್ದ ವಿಷಯ. ನೇತ್ರಾವತಿಯ ಮೇಲೆ ಹೆದ್ದಾರಿ ಸೇತುವೆಯ ಹತ್ತಿರವೇ ರೈಲು ಸೇತುವೆಯೂ ಇದೆ. ಮದ್ರಾಸ್ ಕಡೆಯಿಂದ ಕಲ್ಲಿಕೋಟೆ ದಾರಿಯಾಗಿ ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ. ಉಳ್ಳಾಲದ ಹೆಸರಲ್ಲಿ ಒಂದು ರೈಲು ನಿಲ್ದಾಣವೇ ಇದೆ, ಸೋಮೇಶ್ವರದ ಹತ್ತಿರ. ಎಷ್ಟು ಜನಕ್ಕೆ ಗೊತ್ತು? ಎಕ್ಸ್‌ಪ್ರೆಸ್ ರೈಲುಗಳು ಅದರ ಮುಂದೆ ಹಾರ್ನ್ ಹಾಕಿಕೊಂಡು ಹೋಗುತ್ತವೆ. ನಿಲ್ಲೋದು ಬೆರಳೆಣಿಕೆಯ ಪ್ಯಾಸೆಂಜರ್ ಗಾಡಿಗಳು, ಅವುಗಳ ಸಮಯ ಕೇರಳದ ಕಡೆಯ ಊರುಗಳನ್ನು ನೋಡಿ ಇಟ್ಟದ್ದು. ಹತ್ತು ಕಿಲೋಮೀಟರ್ ದೂರದ ನಗರಕ್ಕೆ ದಿನಾ ಹೋಗಿ ಬರುವ ತಾಲೂಕು, ಪಕ್ಕದಲ್ಲೇ ಹಳಿ, ಆದರೂ ಜನ ಬಸ್ಸಿನ ಫುಟ್‌ಬೋರ್ಡಿನಲ್ಲಿ.

ಸ್ವಲ್ಪ ಲೆಕ್ಕ ಮಾಡೋಣ. ರಸ್ತೆಯ ಒಂದು ಪಥದಲ್ಲಿ ಏನೂ ಅಡ್ಡಿಯಿಲ್ಲದೆ ಓಡಿದರೆ ಗಂಟೆಗೆ ಎರಡು ಸಾವಿರದ ಹತ್ತಿರ ಕಾರು ಹೋಗಬಹುದು ಅಂತ ಪಠ್ಯಪುಸ್ತಕ ಹೇಳುತ್ತೆ. ಅಡ್ಡಿಯಿಲ್ಲದೆ ಅನ್ನೋದನ್ನು ಗಮನಿಸಿ, ಕಲ್ಲಾಪುವಿನಲ್ಲಿ ಅದು ಕನಸು. ಒಂದು ಕಾರಿಗೆ ಒಬ್ಬರೋ ಇಬ್ಬರೋ. ಅಂದ್ರೆ ಮೂರು ಸಾವಿರ ಜನ ಅಂದುಕೊಳ್ಳಿ. ಎಂಟು ಬೋಗಿಯ ಒಂದು ಮೆಮು ರೈಲು ಕೂತವರು ನಿಂತವರು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ಸಲಕ್ಕೆ ಒಯ್ಯುತ್ತೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರೋದರಿಂದ ಎಂಜಿನ್ ಬಿಚ್ಚಿ ತಿರುಗಿಸೋ ಕೆಲಸ ಇಲ್ಲ. ಬಂದ ಗಾಡಿ ಹಾಗೇ ವಾಪಸ್ ಹೊರಡಬಹುದು. ಹತ್ತಿರ ಹತ್ತಿರ ನಿಲ್ದಾಣಗಳಿಗೆ ಹೇಳಿ ಮಾಡಿಸಿದ ಗಾಡಿ. ಈ ಮಾರ್ಗಕ್ಕೆ ವಿದ್ಯುತ್ ತಂತಿ ಬಂದಿದೆ, ಮೆಮು ಓಡ್ತಾ ಇದೆ. ಮಂಗಳೂರು ಸೆಂಟ್ರಲ್ ಹತ್ತಿರ ಒಂಟಿಯಾಗಿ ಉಳಿದಿದ್ದ ಚಿಕ್ಕ ತುಂಡು ಹಳಿಯೂ ಈಚಿನ ವರ್ಷಗಳಲ್ಲಿ ಜೋಡಿ ಆಯಿತು. ಹಿಂದೆ ಕೊಡುತ್ತಿದ್ದ ಕಾರಣಗಳಲ್ಲಿ ಹೆಚ್ಚಿನವು ಈಗ ಇಲ್ಲ.

ದಕ್ಷಿಣ ಕನ್ನಡದಲ್ಲಿ ಲೋಕಲ್ ರೈಲು ಅಂದರೇನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಮನೆಗೊಬ್ಬರು ಮುಂಬೈಯಲ್ಲಿ ಇದ್ದವರೇ. ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಜೋತಾಡಿಕೊಂಡು ಹೋದವರು, ಹೋಟೆಲಿನಲ್ಲಿ ದುಡಿದು ರಾತ್ರಿ ಕೊನೆಯ ಲೋಕಲ್ ಹಿಡಿದವರು. ಅವರೇ ಊರಿಗೆ ಬಂದು ಮನೆ ಕಟ್ಟಿ, ಹತ್ತು ಕಿಲೋಮೀಟರಿಗೆ ಒಂದು ಗಂಟೆ ಕಾರಿನಲ್ಲಿ ಕೂರ್ತಾರೆ.

ಹಾಗಾದರೆ ಯಾಕೆ ಆಗ್ತಿಲ್ಲ? ಯಾರ ಕೈಯಲ್ಲಿದೆ ನೋಡಿ. ಉಳ್ಳಾಲದಿಂದ ಮಂಗಳೂರು ಸೆಂಟ್ರಲ್‌ವರೆಗಿನ ಹಳಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಮುಖ್ಯ ಕಚೇರಿ ಚೆನ್ನೈ. ಪಡೀಲಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವುದು ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಉಡುಪಿಯ ಕಡೆಗೆ ಕೊಂಕಣ ರೈಲ್ವೆ. ಒಂದೇ ನಗರದಲ್ಲಿ ಮೂರು ಯಜಮಾನರು. ಪಾಲಕ್ಕಾಡಿಗೆ ಮಂಗಳೂರು ಕೊನೆಯ ನಿಲ್ದಾಣ, ಉಳ್ಳಾಲ ಕೊನೆಗೂ ಮುಂಚಿನ ಒಂದು ಚಿಕ್ಕ ನಿಲ್ದಾಣ. ಅಲ್ಲಿಂದ ನೋಡಿದರೆ ಬೆಳಿಗ್ಗೆ ಏಳೂವರೆಗೆ ತೊಕ್ಕೊಟ್ಟಿನಲ್ಲಿ ನಿಂತವರು ಕಾಣೋದಿಲ್ಲ. ಮೂರನ್ನೂ ಒಂದರಡಿ ತನ್ನಿ ಅನ್ನೋ ಬೇಡಿಕೆ ಹಳೆಯದು, ದೊಡ್ಡದು, ಸಂಸತ್ತಿನವರೆಗೂ ಹೋಗಬೇಕಾದ್ದು. ಅದು ಆಗುವ ತನಕ ಕಾಯಬೇಕಾಗಿಲ್ಲ.

ಕೇಳೋದು ಇಷ್ಟು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳಗೆ ಮಂಜೇಶ್ವರದಿಂದ ಉಳ್ಳಾಲ ಮಾರ್ಗವಾಗಿ ಮಂಗಳೂರಿಗೆ ಎರಡು ಗಾಡಿ. ಸಂಜೆ ಐದೂವರೆಯಿಂದ ಎಂಟೂವರೆ ಒಳಗೆ ವಾಪಸ್ ಎರಡು, ಅಂಗಡಿ ಮುಚ್ಚಿ ಬರುವ ಹುಡುಗಿಯರಿಗೂ ಸಿಗುವ ಹಾಗೆ. ತೊಕ್ಕೊಟ್ಟು, ಕೋಟೆಕಾರು, ದೇರಳಕಟ್ಟೆಯಿಂದ ಉಳ್ಳಾಲ ನಿಲ್ದಾಣಕ್ಕೆ ಒಂದು ಚಿಕ್ಕ ಬಸ್ಸು. ನಿಲ್ದಾಣದ ಹೊರಗೆ ರಾತ್ರಿ ದೀಪ. ಆರು ತಿಂಗಳು ಓಡಿಸಿ, ಟಿಕೆಟ್ ಎಣಿಸಿ. ಜನ ಹತ್ತದಿದ್ದರೆ ನಿಲ್ಲಿಸಿ, ನಾನೇ ಇದೇ ಕುರ್ಚಿಯಿಂದ ನಿಲ್ಲಿಸಿದ್ದು ಸರಿ ಅಂತೀನಿ. ತಾಂತ್ರಿಕವಾಗಿ ಸಾಧ್ಯವೇ ಇಲ್ಲ ಅನ್ನೋದಾದರೆ, ಯಾವ ಗಾಡಿಗೆ ಯಾವ ಹಳಿಯಲ್ಲಿ ಎಷ್ಟು ಹೊತ್ತಿಗೆ ಅಡ್ಡಿ ಆಗುತ್ತೆ ಅಂತ ವೇಳಾಪಟ್ಟಿ ಸಮೇತ ಪಾಲಕ್ಕಾಡಿನವರು ಬರೆದು ಕೊಡಲಿ. ಸಂಸದರು ಅದನ್ನು ತರಿಸಿಕೊಂಡು ಜನರ ಮುಂದೆ ಇಡಲಿ. ಬಂದ ದಿನ ಇದೇ ಹೊತ್ತಿಗೆ ನಿಮಗೆ ಅದನ್ನು ಪೂರ್ತಿ ಓದಿ ಹೇಳ್ತೀನಿ.